ತೊಟ್ಟಿಲ ಮೇಲೆ ಕಟ್ಟಿದ ಬೆತ್ಲೆಹೇಮ್

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ತೂಕ ಎರಡು ಕಿಲೋ ಆರುನೂರು ಗ್ರಾಂ, ತಲೆ ತುಂಬ ಕೂದಲು, ಮೂಗು ನನ್ನದು. ಮೂಗಿನ ವಿಷಯದಲ್ಲಿ ಬ್ರಹ್ಮಾವರದ ಬೀಗರ ಅಭಿಪ್ರಾಯ ಬೇರೆ ಇದೆ. ಇರಲಿ, ಅವರಿಗೂ ಸ್ವಲ್ಪ ಸಂತೋಷ ಬೇಡವೇ? ಕುಂದಾಪುರದ ಆಸ್ಪತ್ರೆಯಿಂದ ಹೊರಟು ಗಂಗೊಳ್ಳಿಯ ಮನೆ ಮುಟ್ಟುವುದರೊಳಗೆ ಈ ಸುದ್ದಿಯನ್ನು ಎಷ್ಟು ಜನಕ್ಕೆ ಹೇಳಿದೆನೋ ನನಗೇ ನೆನಪಿಲ್ಲ. ಬಸ್ಸಿನ ಕಂಡಕ್ಟರಿಗೆ ಇಳಿಯುವ ಜಾಗ ಹೇಳುವ ಬದಲು ಇದನ್ನೇ ಹೇಳಿದೆ. ಅವನು "ಒಳ್ಳೇದಾಯ್ತ್ ಅಜ್ಜ, ಈಗ ಎಲ್ಲಿಗೆ?" ಅಂದ. ಹೋದ ವಾರದವರೆಗೂ ಯಾರಾದರೂ ಅಜ್ಜ ಎಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ದಿನ ಅವನು ಇನ್ನೊಮ್ಮೆ ಅನ್ನಲಿ ಎಂದು ಕಿವುಡನ ಹಾಗೆ ಕೂತೆ. ಬಂದರಿನ ಐಸ್ ಪ್ಲಾಂಟಿನ ಎದುರು ಇಳಿದವನು ಯಂತ್ರದ ಸದ್ದಿಗಿಂತ ಜೋರಾಗಿ ಕೂಗಿದ್ದಕ್ಕೆ, ಎಲ್ಲೋ ಬೋಟು ಮುಳುಗಿತೆಂದು ನಾಲ್ಕು ಜನ ಓಡಿ ಬಂದರು. ಅವರಿಗೂ ಒಂದೊಂದು ಲಾಡು ಕೊಟ್ಟೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಐದಕ್ಕೆ ಹೋಗುವ ವರ್ಷ ಅಪ್ಪ ಕೈಗೆ ಉಳಿ ಕೊಟ್ಟರು. ದೋಣಿ ಕಟ್ಟುವ ಬಡಗಿಯ ಮಗ ದೋಣಿ ಕಟ್ಟಬೇಕು, ಬರೆಯಲಿಕ್ಕೆ ಊರಲ್ಲಿ ಮೇಸ್ಟ್ರುಗಳಿದ್ದಾರೆ ಎಂಬುದು ಅವರ ಲೆಕ್ಕಾಚಾರ. ಹಾಗಾಗಿ ಇಲ್ಲಿ ಒತ್ತಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಬರೆಯದೆ ಇರಲಿಕ್ಕೆ ನನ್ನಿಂದ ಆಗಲಿಲ್ಲ. ಸಂತೋಷ ಜಾಸ್ತಿಯಾದಾಗ ಎಲ್ಲಾದರೂ ಸುರಿಯಬೇಕು, ಇಲ್ಲದಿದ್ದರೆ ಮನುಷ್ಯ ಸೋರಲಿಕ್ಕೆ ಶುರುಮಾಡುತ್ತಾನೆ. ಸಂತೋಷದ ಜೊತೆಗೆ ಒಂದು ತಪ್ಪೊಪ್ಪಿಗೆಯೂ ಇದೆ. ಫಾದರ್ ಹತ್ತಿರ ಆಗಲೇ ಒಪ್ಪಿಕೊಂಡಿದ್ದೇನೆ. ಅವರು ಬಾಯಿಗೆ ಕೈ ಅಡ್ಡ ಹಿಡಿದು ಕೇಳಿದರು. ಕೆಮ್ಮು ಎಂದು ಹೇಳಿದರು, ಕೆಮ್ಮಿದ ಹಾಗೆ ನನಗೆ ಕಾಣಲಿಲ್ಲ.

ವಿಷಯ ಗೋದಲಿಯದ್ದು. ಕ್ರಿಸ್ಮಸ್ಸಿಗೆ ನಾವು ಮನೆಯಲ್ಲಿ ಸಣ್ಣ ಹಟ್ಟಿ ಕಟ್ಟಿ, ಹುಲ್ಲು ಹಾಸಿ, ಮರಿಯಮ್ಮ, ಜೋಸೆಫರು, ದನ, ಕುರಿಗಳ ಗೊಂಬೆ ಇಟ್ಟು, ನಡುವೆ ಬಾಲಯೇಸುವನ್ನು ಮಲಗಿಸುತ್ತೇವಲ್ಲ, ಅದು. ನನ್ನ ಮೊದಲ ಗೋದಲಿ ಒಂದು ಮೀನಿನ ಪೆಟ್ಟಿಗೆ. ಮರದ್ದು, ಎಷ್ಟು ತೊಳೆದರೂ ಬಂಗುಡೆ ವಾಸನೆ ಹೋಗಿರಲಿಲ್ಲ. ಪಕ್ಕದ ಮನೆಯ ಗಿರಿಜಕ್ಕನ ಹುಲ್ಲು ಕುತ್ರಿಯಿಂದ ಎರಡು ಹಿಡಿ ಹುಲ್ಲು ತಂದು ಹಾಸಿದ್ದೆ. ಅಷ್ಟೇ. ನನ್ನ ಅಮ್ಮ ಅದರ ಮುಂದೆ ಕೂತು ಒಂದು ಗಂಟೆ ಜಪ ಮಾಡಿದ್ದಳು. "ದೇವರು ಇಷ್ಟು ಸಣ್ಣಕೆ ಯಾಕೆ ಬಂದದ್ದು?" ಎಂದು ನಾನು ಕೇಳಿದ್ದಕ್ಕೆ ಆಕೆ, "ದೊಡ್ಡಕೆ ಬಂದಿದ್ದರೆ ನೀನು ಹೆದರಿ ಓಡುತ್ತಿದ್ದೆ. ಶಿಶುವನ್ನು ಕಂಡರೆ ಯಾರೂ ಓಡುವುದಿಲ್ಲ, ಎತ್ತಿಕೊಳ್ಳುತ್ತಾರೆ" ಎಂದಿದ್ದಳು. ಆ ಮಾತನ್ನು ನಾನು ತಲೆಯೊಳಗೆ ಎಲ್ಲಿಟ್ಟೆನೋ, ನಲವತ್ತು ವರ್ಷ ಸಿಗಲಿಲ್ಲ.

ಮರದ ದೋಣಿ ಹೋಗಿ ಫೈಬರ್ ದೋಣಿ ಬಂದ ಮೇಲೆ ನನ್ನ ಕೈಗೆ ಕೆಲಸ ಕಡಿಮೆಯಾಯಿತು. ಖಾಲಿ ಕೈ ಬಹಳ ಅಪಾಯದ್ದು. ವರ್ಷಕ್ಕೆ ಸ್ವಲ್ಪ ಸ್ವಲ್ಪವಾಗಿ ಗೋದಲಿ ಬೆಳೆಯಿತು. ಮೊದಲು ಒಂದು ಬಾವಿ ಬಂತು, ಆಮೇಲೆ ಒಂದು ಸೇತುವೆ, ಆಮೇಲೆ ಗಾಳಿಗೆ ತಿರುಗುವ ಗಿರಣಿ. ನಮ್ಮ ಚರ್ಚಿನ ಯುವಕರು ಗೋದಲಿ ಸ್ಪರ್ಧೆ ಶುರುಮಾಡಿದ್ದೇ ಮಾಡಿದ್ದು, ನನ್ನ ಬುದ್ಧಿ ಪೂರ್ತಿ ಕೆಟ್ಟಿತು. ಹೋದ ವರ್ಷ ಮೀನಿನ ತೊಟ್ಟಿಯ ಪಂಪು ಹಾಕಿ ಜಲಪಾತ ಮಾಡಿದ್ದೆ. ತೀರ್ಪುಗಾರರಲ್ಲಿ ಒಬ್ಬರು ಟೀಚರು. ಅವರು ಕನ್ನಡಕ ಹಾಕಿ, ತೆಗೆದು, ಬಗ್ಗಿ ನೋಡಿ, "ಎಲ್ಲಾ ಲಾಯ್ಕ್ ಇತ್ತ್. ಬಾಲಯೇಸು ಎಲ್ಲಿ?" ಎಂದರು. ನಾನು ಜಲಪಾತದ ಹಿಂದೆ ತೋರಿಸಿದೆ. ನನಗೆ ಎರಡನೇ ಬಹುಮಾನ ಬಂತು, ಸ್ಟೀಲಿನ ಡಬ್ಬ. ಮೊದಲನೆಯದು ಚರ್ಚಿನ ಹಿಂದಿನ ಮನೆಯ ಪೌಲಣ್ಣನಿಗೆ, ಮಿಕ್ಸಿ. ಆ ಮಿಕ್ಸಿಯಲ್ಲಿ ಮಸಾಲೆ ಅರೆಯುವ ಸದ್ದು ನನಗೆ ಮನೆಯಲ್ಲಿ ಕೂತರೂ ಕೇಳುತ್ತಿತ್ತು. ನಡುವೆ ಹದಿನಾಲ್ಕು ಮನೆಗಳಿವೆ, ಆದರೂ ಕೇಳುತ್ತಿತ್ತು. ಈ ಸಲ ಮೊದಲನೇ ಬಹುಮಾನ ತರದೆ ಬಿಡುವುದಿಲ್ಲ ಎಂದು ನಾನು ಹಠ ಹಿಡಿದೆ. ನನ್ನ ಹಠ ಎಂಥದ್ದೆಂದು ಕೇಳಬೇಕಾದರೆ ನನ್ನ ಹೆಂಡತಿ ಸೆರಾಫಿನಳನ್ನು ಕೇಳಿ. ಕೇಳುವಾಗ ಪುರುಸೊತ್ತು ಮಾಡಿಕೊಂಡು ಹೋಗಿ.

ಮನೆಯ ಮುಂಗೋಣೆಯಲ್ಲಿ, ನಮ್ಮ ಚಾವಡಿಯಲ್ಲಿ, ಎಂಟಡಿ ಉದ್ದ, ಆರಡಿ ಅಗಲಕ್ಕೆ ಬೆತ್ಲೆಹೇಮ್ ಎದ್ದು ನಿಂತಿತು. ಹತ್ತೊಂಬತ್ತು ಮನೆ. ಒಂದು ಮೂರು ಮಾಳಿಗೆಯ ಲಾಡ್ಜು. ಜೋಸೆಫರಿಗೂ ಮರಿಯಮ್ಮನಿಗೂ ಛತ್ರದಲ್ಲಿ ಜಾಗ ಸಿಗಲಿಲ್ಲವಲ್ಲ, ಅದು ನೋಡುವವರಿಗೆ ತಿಳಿಯಬೇಕೆಂದು ಲಾಡ್ಜಿನ ಬಾಗಿಲ ಮೇಲೆ "ಕೋಣೆ ಖಾಲಿ ಇಲ್ಲ" ಎಂದು ಕೆಂಪು ದೀಪದ ಬೋರ್ಡು ಹಾಕಿದೆ. ಹೊತ್ತಿ ಆರಿ, ಹೊತ್ತಿ ಆರಿ ಬಹಳ ಚಂದ ಕಾಣುತ್ತಿತ್ತು. ಕಡಿಮೆ ಬಿದ್ದದ್ದು ಗುಡ್ಡ ಒಂದೇ. ಗುಡ್ಡಕ್ಕೆ ಒಳಗಿನಿಂದ ಗಟ್ಟಿ ಆಧಾರ ಬೇಕು. ಅಟ್ಟ ಹತ್ತಿ ಹುಡುಕಿದಾಗ ಅಲ್ಲಿ ನನ್ನ ಅಪ್ಪ ಮಾಡಿದ ಹಲಸಿನ ಮರದ ತೊಟ್ಟಿಲು ಕವುಚಿ ಬಿದ್ದಿತ್ತು. ಕವುಚಿ ಬಿದ್ದದ್ದೇ ತಪ್ಪಾಯಿತು ನೋಡಿ. ನೆಟ್ಟಗೆ ಇದ್ದಿದ್ದರೆ ನನ್ನ ಕಣ್ಣಿಗೆ ಅದು ತೊಟ್ಟಿಲಾಗಿಯೇ ಕಾಣುತ್ತಿತ್ತು. ಕವುಚಿದ್ದರಿಂದ ಗುಡ್ಡವಾಗಿ ಕಂಡಿತು.

ಆ ತೊಟ್ಟಿಲಿನಲ್ಲಿ ನಾನು ಮಲಗಿದ್ದೆ, ನನ್ನ ತಮ್ಮಂದಿರು ಮಲಗಿದ್ದರು, ನನ್ನ ಮಗಳು ಜೆನ್ನಿ ಮಲಗಿದ್ದಳು. ಜೆನ್ನಿ ಬಾಣಂತನಕ್ಕೆ ಬ್ರಹ್ಮಾವರದಿಂದ ಮನೆಗೆ ಬಂದ ದಿನವೇ ಸೆರಾಫಿನ್ ನನಗೆ ಹೇಳಿದ್ದಳು: "ಹ್ವಾಯ್, ಅಟ್ಟದ್ ಮೇಲಿನ್ ತೊಟ್ಲ್ ಇಳ್ಸಿ ಪಾಲಿಷ್ ಮಾಡಿ ಇಡಿ. ಮಗು ಮನಿಗ್ ಬಂದ್ ದಿನವೇ ಅದ್ರಗೆ ಮಲ್ಕಣ್ಕ್." ನಾನು "ಆತ್ ಮಾರಾಯ್ತಿ" ಅಂದಿದ್ದೆ. ಸುಳ್ಳು ಹೇಳಬೇಕೆಂದು ಅಂದದ್ದಲ್ಲ. ಹೆರಿಗೆ ಜನವರಿ ನಡುವಿಗೆ ಎಂದು ಡಾಕ್ಟರು ಹೇಳಿದ್ದರು. ಗೋದಲಿ ತೆಗೆಯುವುದು, ಶಿಶುವನ್ನು ನೋಡಲು ಬಂದ ಮೂರು ರಾಯರ ಹಬ್ಬ ಮುಗಿದ ಮೇಲೆ, ಅಂದರೆ ಜನವರಿ ಆರಕ್ಕೆ. ನಡುವೆ ಒಂದು ವಾರಕ್ಕಿಂತ ಹೆಚ್ಚು ಸಮಯ ಸಿಗುತ್ತದೆ. ದೋಣಿಗೆ ಹಲಗೆ ಕೊಯ್ಯುವಾಗಲೂ ನಾನು ಅಷ್ಟು ಧಾರಾಳವಾಗಿ ಅಳತೆ ಬಿಟ್ಟವನಲ್ಲ. ಹೆಂಡತಿ ಸಂತೆಗೆ ಹೋಗಿ, ಮಗಳು ಒಳಕೋಣೆಯಲ್ಲಿ ನಿದ್ದೆ ಮಾಡುವಾಗ ತೊಟ್ಟಿಲಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅದರ ಮೇಲೆ ಗೋಣಿಚೀಲಗಳನ್ನು ಸಿಮೆಂಟು ನೀರಿನಲ್ಲಿ ಅದ್ದಿ ಹಾಸಿದೆ. ಎರಡು ದಿನದಲ್ಲಿ ಕಲ್ಲಿನಂಥ ಗುಡ್ಡ. ಇನ್ನು ತೊಟ್ಟಿಲು ತೂಗುಹಾಕುವ ಕೊಕ್ಕೆ ಚಾವಡಿಯ ತೊಲೆಯಲ್ಲಿದೆ, ಸರಿಯಾಗಿ ಗುಡ್ಡದ ನೆತ್ತಿಗೆ. ಅದಕ್ಕೆ ನಕ್ಷತ್ರ ಕಟ್ಟಿದೆ. ಎಲ್ಲ ಕೂಡಿ ಬಂದದ್ದು ನೋಡಿ ಇದು ದೇವರ ಚಿತ್ತವೇ ಇರಬೇಕು ಅನ್ನಿಸಿತು. ನನ್ನ ಚಿತ್ತಕ್ಕೆ ದೇವರ ಹೆಸರಿಡುವ ಅಭ್ಯಾಸ ನನಗೆ ಮೊದಲಿನಿಂದಲೂ ಉಂಟು.

ತೊಟ್ಟಿಲು ಎಲ್ಲಿ ಎಂದು ಸೆರಾಫಿನ್ ಕೇಳಿದಾಗ "ಪಾಲಿಷಿಗೆ ಕೊಟ್ಟಿದ್ದೆ, ಒಣಗ್ಲಿಲ್ಲ ಅಂಬ್ರ್" ಎಂದೆ. ಹುಲ್ಲು ತಂದ ಗಿರಿಜಕ್ಕ ಗುಡ್ಡದ ಸುತ್ತ ಒಂದು ಸುತ್ತು ಬಂದು, "ಎಂತ ಪೊರ್ಬುಗಳೇ, ನಿಮ್ ದೇವ್ರ್ ಹುಟ್ಟಿದ್ ಹಟ್ಟಿಯಗೆ ಅಲ್ದಾ? ಇದ್ರಗೆ ಹಟ್ಟಿ ಎಲ್ಲಿತ್ತ್?" ಅಂದಳು. ನಮ್ಮ ಕ್ರಿಸ್ತರನ್ನು ಊರವರು ಪೊರ್ಬುಗಳೆಂದೇ ಕರೆಯುವುದು. ಅವಳಿಗೆ ಎರಡು ದನ ಇವೆ, ಹಟ್ಟಿಯ ವಿಷಯದಲ್ಲಿ ಅವಳ ಮಾತು ತೆಗೆದುಹಾಕುವಂತಿಲ್ಲ. ನಾನು ಮೂಲೆಯಲ್ಲಿ, ಲಾಡ್ಜಿನ ಹಿತ್ತಲಲ್ಲಿ ತೋರಿಸಿದೆ. "ಅಷ್ಟ್ ಸಣ್ಣದಾ? ನಮ್ ಕರುವೂ ಅದ್ರಗೆ ಮಲಗುಲ್ಲ" ಎಂದು ಹುಲ್ಲು ಅಲ್ಲೇ ಹಾಕಿ ಹೋದಳು.

ಮೊಮ್ಮಗಳು ಯಾರ ಅಳತೆಯನ್ನೂ ಕೇಳಲಿಲ್ಲ. ಡಿಸೆಂಬರ್ ಇಪ್ಪತ್ತೊಂದಕ್ಕೇ ಬಂದುಬಿಟ್ಟಳು. ಆಸ್ಪತ್ರೆಯಲ್ಲಿ ನಾನು ಕೈ ಚಾಚಿದಾಗ ನರ್ಸಮ್ಮ ನನ್ನ ಉಗುರು ನೋಡಿ, "ಇದೆಂತದ್ದು, ಸಿಮೆಂಟಾ? ತೊಳ್ಕಂಡ್ ಬನ್ನಿ" ಅಂದರು. ತೊಳೆದು ಬಂದೆ, ಮತ್ತೆ ಕಳಿಸಿದರು. ಮೂರನೇ ಸಲಕ್ಕೆ ಮಗು ಕೈಗೆ ಬಂತು. ಅಷ್ಟು ಹಗುರದ ವಸ್ತುವನ್ನು ಹಿಡಿದು ಅಷ್ಟು ಭಾರ ನನಗೆ ಯಾವತ್ತೂ ಆಗಿರಲಿಲ್ಲ. ಅವಳು ನನ್ನ ಹೆಬ್ಬೆರಳು ಹಿಡಿದಳು. ನಾನು ಅತ್ತೆನೆಂದು ಜೆನ್ನಿ ಎಲ್ಲರಿಗೂ ಹೇಳಿದ್ದಾಳೆ. ಸಿಮೆಂಟು ಧೂಳು ಕಣ್ಣಿಗೆ ಹೋಗಿತ್ತು.

ಸ್ವಲ್ಪ ಮುಂಚೆ ಬಂದವಳಾದ್ದರಿಂದ ನಾಲ್ಕು ದಿನ ಇರಿಸಿಕೊಂಡು, ಕ್ರಿಸ್ಮಸ್ ಬೆಳಿಗ್ಗೆ ಮನೆಗೆ ಕಳಿಸುತ್ತೇವೆ ಎಂದರು. ತೀರ್ಪುಗಾರರು ಬರುವುದು ಅದೇ ದಿನ ಸಾಯಂಕಾಲ ನಾಲ್ಕಕ್ಕೆ. ನಾನು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ: ಬರೀ ಐದು ಗಂಟೆ ಹೊತ್ತು. ಅಲ್ಲಿವರೆಗೆ ಮಗು ಹಾಸಿಗೆಯಲ್ಲಿ ಮಲಗಲಿ. ತೀರ್ಪುಗಾರರು ಹೋದ ಮರುಗಳಿಗೆ ಗುಡ್ಡ ಒಡೆದು ತೊಟ್ಟಿಲು ತೆಗೆಯುತ್ತೇನೆ. ಯಾರಿಗೂ ನಷ್ಟವಿಲ್ಲ.

ಹಬ್ಬದ ಮುನ್ನಾದಿನ ಸಂಜೆಯ ಪೂಜೆಗೆ ಹೋದೆ. ನಮ್ಮ ಫಾದರ್ ಹೊಸಬರು, ಸಣ್ಣ ಪ್ರಾಯದವರು, ಉದ್ದ ಮಾತಾಡುವುದಿಲ್ಲ. "ಛತ್ರದವನು ಕೆಟ್ಟವನೆಂದು ಬೈಬಲ್ಲು ಹೇಳುವುದಿಲ್ಲ. ಜಾಗ ಇರಲಿಲ್ಲ ಎಂದು ಮಾತ್ರ ಹೇಳುತ್ತದೆ. ಪಾಪ, ಜನಗಣತಿಯ ಗಡಿಬಿಡಿಯಲ್ಲಿ ಮನೆ ತುಂಬಿತ್ತು" ಎಂದರು. ಎದುರಿನ ಬೆಂಚಿನಲ್ಲಿ ಪೌಲಣ್ಣ ತಲೆ ಅಲ್ಲಾಡಿಸಿದ. ನಾನು ಅಲ್ಲಾಡಿಸಲಿಲ್ಲ. ಫಾದರ್ ಮುಂದುವರಿಸಿದರು: "ಮೂವರು ಜ್ಞಾನಿಗಳು ದೇವರನ್ನು ಹುಡುಕಿಕೊಂಡು ಬಂದವರು. ಆಕಾಶದಲ್ಲಿ ನಕ್ಷತ್ರ ಇದ್ದರೂ ಅವರು ಮೊದಲು ಹೋದದ್ದು ಅರಮನೆಗೆ. ದೇವರು ದೊಡ್ಡ ಕಡೆ ಇರುತ್ತಾನೆಂದು ನಮ್ಮೆಲ್ಲರ ಲೆಕ್ಕ. ಅವನು ಸಿಕ್ಕಿದ್ದು ದನ ತಿನ್ನುವ ಹುಲ್ಲಿನ ಮೇಲೆ. ನೋಡಬೇಕಾದರೆ ಬಗ್ಗಲೇಬೇಕು." ನಾನು ಆ ಚಳಿಯಲ್ಲಿ ಬೆವರಿದೆ. ಸೆರಾಫಿನ್ ಪಕ್ಕದಿಂದ, "ಜ್ವರ ಬಂತಾ?" ಎಂದು ಕೇಳಿದಳು. ಅಮ್ಮನ ಹಳೆಯ ಮಾತು ಆಗ ನನಗೆ ಸಿಕ್ಕಿತು. ಆದರೆ ಹಠ ಎಂಬುದು ಸಿಮೆಂಟಿನ ಜಾತಿಯದ್ದು, ಬರೀ ಮಾತಿನಿಂದ ಬಿರಿಯುವುದಿಲ್ಲ. ಐದೇ ಗಂಟೆಯಲ್ಲವೇ ಎಂದುಕೊಂಡು ಮನೆಗೆ ಬಂದೆ.

ಕ್ರಿಸ್ಮಸ್ ಬೆಳಿಗ್ಗೆ ಹನ್ನೊಂದಕ್ಕೆ ಅಳಿಯ ವಿಲ್ಲಿ ಕಾರಿನಲ್ಲಿ ತಾಯಿ ಮಗುವನ್ನು ಕರೆತಂದ. ಬಾಗಿಲು ದಾಟಿದ ಜೆನ್ನಿಗೆ ಒಳಕೋಣೆಗೆ ಹೋಗಲು ಬೆತ್ಲೆಹೇಮಿನ ಪಕ್ಕದಲ್ಲಿ ಒಂದೂವರೆ ಅಡಿ ದಾರಿ ಉಳಿದಿತ್ತು. ಬಾಣಂತಿ ಮಗುವನ್ನು ಎದೆಗವಚಿಕೊಂಡು ಅಡ್ಡಡ್ಡ ನಡೆದಳು. ಒಳಕೋಣೆಯಲ್ಲಿ ಹಾಸಿಗೆಯ ಮೇಲೆ ಮಗುವನ್ನು ಮಲಗಿಸಿದರು. ಹಬ್ಬದ ತಿಂಡಿಯ ಡಬ್ಬಗಳಿಗೂ ಚಾವಡಿಯಲ್ಲಿ ಜಾಗವಿಲ್ಲದೆ ಅದೇ ಮಂಚದ ಕೆಳಗೆ ಇಟ್ಟಿದ್ದೆವು. ಅರ್ಧ ಗಂಟೆಯಲ್ಲಿ ಇರುವೆಗಳು ಹಾಸಿಗೆ ಹತ್ತಿದವು. ಮಗು ಕಿರುಚಿ ಎದ್ದಳು. ಅವಳ ತೊಡೆಯಲ್ಲಿ ಒಂದು ಕೆಂಪು ಚುಕ್ಕೆ ಎದ್ದಿತ್ತು. ಜೆನ್ನಿ ಎತ್ತಿಕೊಂಡು ಕುರ್ಚಿಯಲ್ಲಿ ಕೂತಳು. ಕೂರುವುದು ಅವಳಿಗೆ ಕಷ್ಟ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೂ, "ಅಡ್ಡಿಲ್ಲ ಪಪ್ಪಾ, ತೊಟ್ಲ್ ಬಪ್ಪಲ್ಲಿವರಿಗೆ ನಾನೇ ಹಿಡ್ಕಂತೆ" ಅಂದಳು. ಆ "ಅಡ್ಡಿಲ್ಲ" ನನ್ನ ಎದೆಗೆ ಉಳಿಯ ಹಾಗೆ ಇಳಿಯಿತು.

"ತೊಟ್ಲ್ ಎಲ್ಲಿ?" ಸೆರಾಫಿನ್ ಕೇಳಿದಳು.

"ಇತ್ತ್" ಎಂದೆ.

"ಎಲ್ಲಿತ್ತ್?"

ನಾನು ಗುಡ್ಡ ನೋಡಿದೆ. ಅವಳೂ ಗುಡ್ಡ ನೋಡಿದಳು. ಮೂವತ್ತಮೂರು ವರ್ಷದ ಸಂಸಾರ, ಬಾಯಿಬಿಡುವ ಅಗತ್ಯ ಬೀಳಲಿಲ್ಲ. ಇಲ್ಲೊಂದು ವಿಷಯ ಹೇಳಬೇಕು. ನಾವು ಮನೆಯಲ್ಲಿ ಮಾತಾಡುವುದು ಕೊಂಕಣಿ, ನಡುನಡುವೆ ಕುಂದಾಪ್ರ ಕನ್ನಡ. ಆದರೆ ಸಿಟ್ಟು ಬಂದಾಗ ಸೆರಾಫಿನ್ ಪೂರ್ತಿ ಕನ್ನಡಕ್ಕೇ ಬರುತ್ತಾಳೆ, ಅಕ್ಕಪಕ್ಕದವರಿಗೂ ಪೂರ್ತಿ ತಿಳಿಯಲಿ ಎಂದು. ಆ ದಿನ ಅವಳು ದನಿ ಏರಿಸಲೇ ಇಲ್ಲ. ಲಾಡ್ಜಿನ ಮೇಲೆ ಹೊತ್ತಿ ಆರುವ ಕೆಂಪು ಬೋರ್ಡು ತೋರಿಸಿ, "ಅದ್ನ ಕಿತ್ಕಂಡ್ ಬಂದ್ ನಮ್ ಮನಿ ಬಾಗ್ಲಿಗ್ ಹಾಕಿ. ಅಲ್ಲಿಗಿಂತ ಇಲ್ಲಿಗ್ ಸಮ ಆತ್ತ್" ಎಂದಳು.

ನಾನು ಮೂಲೆಯ ಹಟ್ಟಿಯಿಂದ ಜೋಸೆಫರ ಗೊಂಬೆ ಎತ್ತಿಕೊಂಡೆ. ಜೋಸೆಫರು ನನ್ನ ಕಸುಬಿನವರು, ಬಡಗಿ. ಪರವೂರಿನ ಆ ಹಟ್ಟಿಯಲ್ಲಿ ಅವರ ಕೈಯಲ್ಲಿ ಉಳಿ ಸುತ್ತಿಗೆ ಇದ್ದಿರಲಿಕ್ಕಿಲ್ಲ. ಇದ್ದಿದ್ದರೆ ಆ ಶಿಶುವಿಗೆ ಹೇಗಾದರೂ ಒಂದು ತೊಟ್ಟಿಲು ಮಾಡಿಯೇ ಮಾಡುತ್ತಿದ್ದರು. ನನ್ನ ಹತ್ತಿರ ತೊಟ್ಟಿಲೇ ಇತ್ತು, ನಾನು ಅದನ್ನು ಗುಡ್ಡ ಮಾಡಿದೆ. ನಲವತ್ತು ವರ್ಷ ದೇವರಿಗೆ ಊರು ಕಟ್ಟಿದೆ, ಸೇತುವೆ ಕಟ್ಟಿದೆ, ಜಲಪಾತ ಹರಿಸಿದೆ. ದೇವರನ್ನು ಹುಡುಕಬೇಕಾದರೆ ಅವನು ಮಲಗುವಷ್ಟು ಜಾಗ ಖಾಲಿ ಮಾಡಿದರೆ ಸಾಕಿತ್ತು. ಅವನು ಶಿಶುವಾಗಿ ಬಂದದ್ದರ ಅರ್ಥ ಇಷ್ಟೇ ಇರಬೇಕು ಎಂದು ನನ್ನ ನಾಲ್ಕನೇ ಕ್ಲಾಸಿನ ತಲೆಗೆ ಹೊಳೆಯಿತು. ನಾವು ಏಣಿ ಹಾಕಿ ಹತ್ತುತ್ತಿದ್ದರೆ ಅವನು ಆಗಲೇ ಕೆಳಗೆ ಇಳಿದು, ಬಾಗಿಲ ಹೊರಗೆ ತಾಯಿಯ ಕೈಯಲ್ಲಿ ಕಾಯುತ್ತಿರುತ್ತಾನೆ.

ಒಂದು ಹಠ ಬಿಡಲಿಕ್ಕೆ ಇನ್ನೊಂದು ಹಠವೇ ಬೇಕು. ನಾಲ್ಕು ಗಂಟೆಯೊಳಗೆ ಮೊಮ್ಮಗಳು ತೊಟ್ಟಿಲಲ್ಲಿ ಮಲಗಲೇಬೇಕು ಎಂದು ಪಂಚೆ ಎತ್ತಿ ಕಟ್ಟಿ ಸುತ್ತಿಗೆ ತೆಗೆದುಕೊಂಡೆ. ಧೂಳು ತಾಗಬಾರದೆಂದು ಗಿರಿಜಕ್ಕ ತಾಯಿ ಮಗುವನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ವಿಲ್ಲಿ ಹತ್ತೊಂಬತ್ತು ಮನೆಗಳನ್ನು ಹೊರಗೆ ಸಾಗಿಸಿದ. ಸೇತುವೆ, ಗಿರಣಿ, ಲಾಡ್ಜು ಎಲ್ಲ ಅಂಗಳಕ್ಕೆ ಹೋದವು. ಗುಡ್ಡಕ್ಕೆ ಮೊದಲ ಏಟನ್ನು ಮೆಲ್ಲಗೆ, ಯಾರಿಗೂ ಕಾಣದ ಹಿಂಬದಿಗೆ ಹಾಕಿದೆ, ಸುಳ್ಳು ಹೇಳುವುದಿಲ್ಲ. ಹತ್ತನೇ ಏಟಿಗೆ ಮಜಾ ಬರಲಿಕ್ಕೆ ಶುರುವಾಯಿತು. ಪ್ಲಾಸ್ಟಿಕ್ ಹಾಳೆಯ ಒಳಗಿಂದ ಅಪ್ಪನ ತೊಟ್ಟಿಲು ಹಾಗೆಯೇ ಹೊರಬಂತು. ದೀಪದ ವಯರಿಗೆಂದು ನಾನು ಹಾಳೆಯಲ್ಲಿ ಮಾಡಿದ ತೂತಿನಿಂದ ಇಳಿದ ಸಿಮೆಂಟು ಮಾತ್ರ ಒಂದು ಕಾಲಿಗೆ ಲಿಂಬೆಹಣ್ಣಿನಷ್ಟು ಗಟ್ಟಿ ಕಟ್ಟಿತ್ತು. ಅದನ್ನು ಕೆತ್ತಲು ಹೋದರೆ ಮರ ಸೀಳುತ್ತದೆ. "ಇರ್ಲಿ ಬಿಡಿ, ಅಜ್ಜನ್ ಬುದ್ಧಿ ಮೊಮ್ಮಗಳಿಗ್ ನೆನಪಿರ್ಲಿ" ಎಂದಳು ಸೆರಾಫಿನ್, ತೊಟ್ಟಿಲನ್ನು ಒರೆಸುತ್ತಾ, ಚಾವಡಿ ಗುಡಿಸುತ್ತಾ, ನನ್ನನ್ನು ಬೈಯುತ್ತಾ, ಮೂರೂ ಒಟ್ಟಿಗೆ. ಕೊಕ್ಕೆಯಿಂದ ನಕ್ಷತ್ರ ಬಿಚ್ಚಿ ಕಿಟಕಿಗೆ ಕಟ್ಟಿ, ಅಲ್ಲಿ ತೊಟ್ಟಿಲು ತೂಗುಹಾಕಿದೆ. ಗಿರಿಜಕ್ಕ ಮಗುವನ್ನು ತಂದು ಮಲಗಿಸಿದಳು. ಗಡಿಯಾರ ನೋಡಿದೆ, ನಾಲ್ಕಕ್ಕೆ ಹತ್ತು ನಿಮಿಷ ಇತ್ತು. ಅಟ್ಟದಿಂದ ಹಳೆಯ ಮೀನಿನ ಪೆಟ್ಟಿಗೆ ಇಳಿಸಿ, ಹುಲ್ಲು ಹಾಸಿ, ಗೊಂಬೆಗಳನ್ನು ಇಟ್ಟು ತೊಟ್ಟಿಲಿನ ಪಕ್ಕ ನೆಲದ ಮೇಲೆ ಇಟ್ಟೆ. ಬಂಗುಡೆಯ ವಾಸನೆ ಇನ್ನೂ ಸ್ವಲ್ಪ ಉಳಿದಿತ್ತು.

ತೀರ್ಪುಗಾರರು ಸರಿಯಾಗಿ ನಾಲ್ಕಕ್ಕೆ ಬಂದರು. ಅಂಗಳದಲ್ಲಿ ರಾಶಿ ಬಿದ್ದ ಬೆತ್ಲೆಹೇಮನ್ನು ದಾಟಿ ಒಳಗೆ ಬಂದ ಟೀಚರು ಸುತ್ತ ನೋಡಿ, "ಗೋದಲಿ ಎಲ್ಲಿ?" ಎಂದರು. ನೆಲ ತೋರಿಸಿದೆ. ಅವರು ಈ ಸಲ ಕನ್ನಡಕ ತೆಗೆಯಲಿಲ್ಲ, ಮೊಣಕಾಲೂರಿ ಬಗ್ಗಿ, "ಹಾಂ, ಬಾಲಯೇಸು ಕಂಡ" ಅಂದರು. ಆಮೇಲೆ ತೊಟ್ಟಿಲಿನ ಕಡೆ ತಿರುಗಿ ಹತ್ತು ನಿಮಿಷ ಅಲ್ಲೇ ನಿಂತರು, ಅಂಕದ ಕಾಗದ ಕೈಯಲ್ಲೇ ಉಳಿಯಿತು. ಇಷ್ಟು ಹೇಳಿದ ಮೇಲೆ ನನಗೇ ಮೊದಲ ಬಹುಮಾನ ಬಂದಿರಬೇಕೆಂದು ನೀವು ತಿಳಿದಿದ್ದರೆ ತಪ್ಪು. ಆರು ಗಂಟೆಗೆ ಫೋನು ಬಂತು. ಮೊದಲನೆಯದು ಪೌಲಣ್ಣನಿಗೇ. ಈ ವರ್ಷ ಗ್ರೈಂಡರು. ನನಗೆ ಡಬ್ಬವೂ ಇಲ್ಲ. ಹೊಟ್ಟೆ ಉರಿಯಲಿಲ್ಲವೆಂದು ಹೇಳಿದರೆ ಮತ್ತೆ ಫಾದರ್ ಹತ್ತಿರ ಹೋಗಬೇಕಾಗುತ್ತದೆ. ಉರಿಯಿತು. ಮಗು ಆಕಳಿಸಿದಳು, ಅದನ್ನು ನೋಡಲಿಕ್ಕೆ ಹೋದವನು ಉರಿ ಎಲ್ಲಿ ಬಿಟ್ಟೆನೆಂದು ಮರೆತೆ.

ರಾತ್ರಿ ಎಂಟರ ಒಳಗೆ ಎಲ್ಲರೂ ಸೇರಿದರು. ಬ್ರಹ್ಮಾವರದಿಂದ ಬೀಗರು ಗಂಡಹೆಂಡತಿ, ಬೈಂದೂರಿನಿಂದ ಸೆರಾಫಿನಳ ತಂಗಿ, ಅವಳ ಗಂಡ, ಮೂವರು ಮಕ್ಕಳು. ಪ್ರತಿ ವರ್ಷ ನಮ್ಮಲ್ಲಿ ಕ್ರಿಸ್ಮಸ್ ಊಟ ಮೂರು ಪಂಕ್ತಿ. ಮೊದಲು ಮಕ್ಕಳು, ಆಮೇಲೆ ನೆಂಟರು, ಕೊನೆಗೆ ನಾವಿಬ್ಬರು ಅಡುಗೆಮನೆಯಲ್ಲಿ ಪಾತ್ರೆಗಳ ನಡುವೆ. ಮನೆ ಸಣ್ಣದು ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಈ ಸಲ ಸೆರಾಫಿನ್ ಚಾಪೆ ಹಾಸಿದಳು, ಹಾಸುತ್ತಲೇ ಹೋದಳು, ಹತ್ತು ಜನ ಒಂದೇ ಸಾಲಿನಲ್ಲಿ ಕೂತ ಮೇಲೂ ಗಿರಿಜಕ್ಕನಿಗೆ ಜಾಗ ಉಳಿಯಿತು. ಅವಳು ತನ್ನ ಮನೆಯ ಪಾಯಸದ ಪಾತ್ರೆಯೊಂದಿಗೆ ಬಂದು ಕೂತಳು. ಜೆನ್ನಿ ತೊಟ್ಟಿಲಿನ ಪಕ್ಕ ಕುರ್ಚಿಯಲ್ಲಿ ಬಾಣಂತಿ ಗಂಜಿ ಹಿಡಿದು ಕೂತು, ಕಾಲಿನಿಂದ ಮೆಲ್ಲಗೆ ತೂಗುತ್ತಿದ್ದಳು. ಇಡ್ಲಿಯಂಥ ಬಿಸಿ ಸನ್ನಾ, ಹಂದಿಮಾಂಸದ ಸಾರು, ಕೋಳಿ ಸುಕ್ಕ ಬಡಿಸಿದರು. ಬೀಗರು ಎರಡನೇ ಸಲ ಸಾರು ಹಾಕಿಸಿಕೊಂಡು, ಮೂಗು ಸ್ವಲ್ಪ ನನ್ನ ಹಾಗೆಯೇ ಇರಬಹುದು ಎಂದು ಒಪ್ಪಿದರು. ಇಷ್ಟು ಜನ ಒಟ್ಟಿಗೆ ಊಟ ಮಾಡುವ ಸದ್ದು ನಮ್ಮ ಮನೆಯ ಗೋಡೆಗಳು ಅದೇ ಮೊದಲು ಕೇಳಿದವು.

ನಾನು ಸನ್ನಾ ಮುರಿಯುತ್ತಾ ಹಾಗೇ ಸುತ್ತ ಕಣ್ಣಾಡಿಸಿದೆ. ಕಿಟಕಿಯ ಪಕ್ಕದ ಮೂಲೆ ಯಾರಿಗೂ ಉಪಯೋಗಕ್ಕೆ ಬಾರದೆ ಖಾಲಿ ಉಳಿದಿತ್ತು. ಸುಮಾರು ಎರಡಡಿಗೆ ಮೂರಡಿ ಇರಬಹುದು, ಗೋಡೆಯ ಮೇಲಕ್ಕೆ ಕಟ್ಟುತ್ತಾ ಹೋದರೆ ಯಾರ ಕಾಲಿಗೂ ತಾಗುವುದಿಲ್ಲ.

"ಹ್ವಾಯ್," ಎಂದಳು ಸೆರಾಫಿನ್ ಸಾರಿನ ಸೌಟು ನನ್ನ ಕಡೆಗೇ ಹಿಡಿದು, "ಅಳತಿ ತೆಗುದ್ ಸಾಕ್. ಉಣ್ಣಿ."

ಉಂಡೆ.